ಸರ್ಜನ್ ಮೊಬೈಲ್ ಆ್ಯಪ್ ನೋಡಿ ಲೆಕ್ಕ ಹಾಕಿದರೆ ನಂಬಬಹುದೇ?

ತಂದೆಯವರ ಹರ್ನಿಯಾ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತನಾಡುತ್ತಲೇ ಡಾಕ್ಟರು ಮೊಬೈಲ್ ತೆಗೆದು ಯಾವುದೋ ಆ್ಯಪ್‌ನಲ್ಲಿ ಲೆಕ್ಕ ಹಾಕಿದರು, ಇಂಥವನ್ನು ಯಾರಾದರೂ ಪರೀಕ್ಷಿಸಿರುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಜನರಲ್ ಸರ್ಜನ್. ನನ್ನ ಮೊಬೈಲ್‌ನಲ್ಲೂ ಅಂಥವು ನಾಲ್ಕೈದು ಇವೆ. ಹಾಗಾಗಿ ಕಟಕಟೆಯಲ್ಲಿ ನಿಂತೇ ಉತ್ತರಿಸುತ್ತಿದ್ದೇನೆ.

ಒಮ್ಮೆ ಮೂಡಿಗೆರೆ ಕಡೆಯ ತೋಟದಲ್ಲಿ ಮರಗಸಿ (ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕತ್ತಿ ತಗುಲಿದ ಕಾರ್ಮಿಕರೊಬ್ಬರು ಬಂದರು. ತೂಕ 50 ಕೆ.ಜಿ. ಗಾಯ ಉದ್ದವಿತ್ತು, ಹೊಲಿಯುವ ಮೊದಲು ಬ್ಯುಪಿವಕೇನ್ ಕೊಟ್ಟು ಆ ಜಾಗವನ್ನು ಮರಗಟ್ಟಿಸಬೇಕಿತ್ತು. ಕೆ.ಜಿ.ಗೆ 2 ಮಿಲಿಗ್ರಾಂ ಮೀರಬಾರದೆಂಬುದು ನಾವು ಪಾಲಿಸುವ ಮಿತಿ. ಅಂದರೆ 100 ಮಿಲಿಗ್ರಾಂ, ಶೇ 0.5ರ ದ್ರಾವಣದಲ್ಲಿ 20 ಎಂ.ಎಲ್. ಆ್ಯಪ್ ತೋರಿಸಿದ್ದು 9! ನೋಡಿದರೆ ತೂಕದ ಅಳತೆ ಪೌಂಡಿನಲ್ಲಿ ನಿಂತಿತ್ತು. ತಪ್ಪು ಕಡಿಮೆಯ ಕಡೆಗಾಗಿತ್ತು, ಬಾಯಿಲೆಕ್ಕ ಬರುತ್ತಿದ್ದುದರಿಂದ ಕಣ್ಣಿಗೂ ಬಿತ್ತು. ಹೆಚ್ಚಿನ ಕಡೆಗಾಗಿದ್ದು, ನಾನೂ ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಿದ್ದರೆ?

ಇದು ನನ್ನೊಬ್ಬನ ಕಥೆಯಲ್ಲ. ಇನ್ಸುಲಿನ್ ಪ್ರಮಾಣ ಲೆಕ್ಕ ಹಾಕುವ 46 ಆ್ಯಪ್‌ಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇ 67ರಷ್ಟು ತಪ್ಪು ಪ್ರಮಾಣ ಸೂಚಿಸುವ ಅಪಾಯವಿತ್ತು. ಯಾವ ದೋಷವೂ ಸಿಗದಿದ್ದುದು ಒಂದೇ ಒಂದರಲ್ಲಿ.

ಕಾನೂನಿಲ್ಲವೆಂದಲ್ಲ. ರೋಗಪತ್ತೆ, ಚಿಕಿತ್ಸೆಗಳಿಗೆಂದೇ ತಯಾರಾದ ಸಾಫ್ಟ್‌ವೇರ್ ಕೂಡ 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ವೈದ್ಯಕೀಯ ಸಾಧನವೇ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅದಕ್ಕೂ ಅನ್ವಯಿಸುತ್ತವೆ. ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಮೊದಲೆರಡು ವರ್ಗಗಳ ತಯಾರಿಕೆಗೆ ರಾಜ್ಯದ ಪ್ರಾಧಿಕಾರವೂ ಉಳಿದೆರಡಕ್ಕೆ ಕೇಂದ್ರದ ಪ್ರಾಧಿಕಾರವೂ ಪರವಾನಗಿ ಕೊಡುತ್ತವೆ. ತೊಡಕಿರುವುದು ‘ಯಾವ ಉದ್ದೇಶಕ್ಕೆ’ ಎಂಬ ಮಾತಿನಲ್ಲಿ. ‘ಇದು ಕಲಿಕೆಗೆ ಮಾತ್ರ’ ಎಂದು ಸಣ್ಣಕ್ಷರದಲ್ಲಿ ಬರೆದು ಜಾರಿಕೊಳ್ಳಲು ನೋಡುವವರಿದ್ದಾರೆ. ಅದನ್ನು ಓದುವ ಪುರುಸೊತ್ತು ನಮಗಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಾಲ್ಕೂವರೆ ನಕ್ಷತ್ರ ಸಿಕ್ಕಿದೆ ಎನ್ನುವುದಂತೂ ಪರವಾನಗಿಯಲ್ಲ.

ನನಗೆ ಮೆಚ್ಚುಗೆಯಾದದ್ದು 2011ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ‘ಮೊಬೈಲ್ ಎಂಐಎಂ’ ಎಂಬ ಆ್ಯಪ್‌ಗೆ ಅನುಮತಿ ಕೊಟ್ಟ ರೀತಿ. ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ಫೋನಿನಲ್ಲಿ ನೋಡಲು ಮಾಡಿದ ಆ್ಯಪ್ ಅದು. ಅದರಲ್ಲೊಂದು ಪರೀಕ್ಷೆಯಿತ್ತು: ಪರದೆಯ ಒಂದು ಸಣ್ಣ ಭಾಗ ತುಸು ಬೇರೆ ಛಾಯೆಯಲ್ಲಿರುತ್ತದೆ, ವೈದ್ಯರು ಅದನ್ನು ಗುರುತಿಸಿ ಬೆರಳಿಟ್ಟರೆ ಸುತ್ತಲಿನ ಬೆಳಕು ಅಡ್ಡಿಯಾಗುತ್ತಿಲ್ಲ ಎಂದರ್ಥ. ದೊಡ್ಡ ಪರದೆ ಸಿಗದಿದ್ದಾಗ ಮಾತ್ರ ಬಳಸಬೇಕೆಂಬ ಷರತ್ತೂ ಇತ್ತು. ನಾವೋ, ಆಸ್ಪತ್ರೆಯಂಗಳದ ಬಿಸಿಲಿನಲ್ಲಿ ನಿಂತು, ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಎಕ್ಸ್‌ರೇ ಫೋಟೊ ನೋಡಿ ‘ಮಂಗಳೂರಿಗೆ ಕಳುಹಿಸಿ’ ಎನ್ನುತ್ತೇವೆ.

ನಿಮ್ಮ ಡಾಕ್ಟರು ಆ್ಯಪ್ ತೆರೆದರೆಂದು ಗಾಬರಿಯಾಗಬೇಡಿ. ಬಂದ ಉತ್ತರವನ್ನು ಬೇರೆ ರೀತಿಯಲ್ಲಿ ತಾಳೆ ನೋಡಿದಿರಾ ಎಂದು ಕೇಳಿ. ಬೆಳಗಿನ ಓಪಿಡಿ ಗದ್ದಲದಲ್ಲಿ ಬೇಡ, ಸಂಜೆ ರೌಂಡ್ಸ್‌ಗೆ ಬಂದಾಗ. ಕೇಳಿದ್ದಕ್ಕೆ ಸಿಟ್ಟಾದರೆ ಇನ್ನೊಬ್ಬ ಸರ್ಜನ್‌ರನ್ನು ಕಾಣಲು ಅದೇ ಸಾಕಾದ ಕಾರಣ. ಇನ್ನೊಂದು, ತಂದೆಯವರ ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ. ವಾರ್ಡಿನ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಕೇಸ್‌ಶೀಟಿನಲ್ಲಿ ಬರೆಸಿ.