ಈ ಡಿಸೆಂಬರಿನ ಮಳೆ ಹಳೆಯ ವರ್ಷಗಳಿಗಿಂತ ಜಾಸ್ತಿನಾ ಅಂತ ಹೋಲಿಸುವುದು ಹೇಗೆ? ಯಾವ ಆ್ಯಪ್ ಒಳ್ಳೆಯದು?

ಮೂಡಿಗೆರೆ ಕಡೆ ಹೊಸದಾಗಿ ಕಾಫಿ ತೋಟ ನೋಡಿಕೊಳ್ಳುತ್ತಿದ್ದೀರಿ, ಕುಯ್ಲಿನ ಹೊತ್ತಿಗೆ ಬರುವ ಚಂಡಮಾರುತದ ಮಳೆಯನ್ನು ಹಳೆಯ ವರ್ಷಗಳ ಪಕ್ಕ ಇಟ್ಟು ನೋಡಬೇಕು ಅಂತಿದ್ದೀರಿ. ನಾನೂ ಅದನ್ನೇ ಮಾಡುತ್ತಿದ್ದೆ.

ಆಲ್ದೂರಿನ ಹತ್ತಿರ ನಮ್ಮದು ಅರೇಬಿಕಾ ಕಾಫಿ ತೋಟ. ಅಪ್ಪ ದಿನಾ ಬೆಳಗ್ಗೆ ಎಂಟೂವರೆಗೆ ಮಳೆ ಅಳೆದು, ಇಂಚು-ಸೆಂಟ್ಸ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಡೈರಿ ಬರೆಯುತ್ತಾರೆ. ಆ ಡೈರಿಗಳನ್ನೆಲ್ಲ ನಾನು ಕಂಪ್ಯೂಟರಿಗೆ ಹಾಕಿ ತಿಂಗಳ ಸರಾಸರಿ ತೆಗೆದೆ. ಡಿಸೆಂಬರ್ ಸಾಲು ನೋಡಿದರೆ ಮಳೆ ತೀರಾ ಕಡಿಮೆ. ಅದೇ ಧೈರ್ಯದಲ್ಲಿ 2024ರಲ್ಲಿ ಕಾಫಿ ಒಣಗಿಸುವ ಕಣದ ತುಂಬ ಹಣ್ಣಿನ ಸಿಪ್ಪೆ ಬಿಡಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಹರವಿದ್ದೆ.

ಫೆಂಗಲ್ ಚಂಡಮಾರುತ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿತು. ಭಾನುವಾರ ಬೆಳಗ್ಗೆ ಟಿವಿಯಲ್ಲಿ ಅದು ದುರ್ಬಲವಾಗುತ್ತಿದೆ ಅಂತ ಕೇಳಿ ನಾನು ಟಾರ್ಪಾಲು ತೆಗೆಸಿದೆ. ‘ಮೋಡ ಇನ್ನೂ ಮೂಡಲಿಂದ ಬರ್ತಾನೇ ಇದೆ, ಇವತ್ತೊಂದು ದಿನ ಬಿಡಿ ಸಾರ್’ ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರ್ರು ಹೇಳಿದರು. ಕೇಳಲಿಲ್ಲ. ಮುಚ್ಚಿಟ್ಟರೆ ಬೆವೆತು ವಾಸನೆ ಬರುತ್ತದೆ ಅನ್ನುವುದು ನನ್ನ ಚಿಂತೆ. ಅಷ್ಟು ಸಾಲದು ಅಂತ ಅವತ್ತೇ ಆಳು ಹಾಕಿ ಇನ್ನಷ್ಟು ಹಣ್ಣು ಕುಯ್ಯಿಸಿ, ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿಸಿದೆ. ಸೋಮವಾರ ಮಳೆ ಹಿಡಿಯಿತು. ಮಂಗಳವಾರವೂ ಬಿಡಲಿಲ್ಲ. ಆಮೇಲೂ ಸರಿಯಾದ ಬಿಸಿಲು ಬರಲು ದಿನ ಹಿಡಿಯಿತು. ಪಾರ್ಚ್‌ಮೆಂಟ್ ಹುಳಿ ವಾಸನೆ ಹೊಡೆಯಿತು, ಅಡಿಯಲ್ಲಿದ್ದದ್ದು ಬೂಷ್ಟು ಹಿಡಿಯಿತು. ಅರೇಬಿಕಾ ದರ ದಾಖಲೆ ಮುಟ್ಟಿದ ವರ್ಷ ಅದು. ವ್ಯಾಪಾರಿ ಒಂದು ಹಿಡಿ ಮೂಸಿ ನೋಡಿ ದರ ಇಳಿಸಿಬಿಟ್ಟರು.

ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ತಪ್ಪುತ್ತೀರಿ. ದಡ ಸೇರಿದರೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಹಿಂದಿನ ವರ್ಷ ಮಿಚಾಂಗ್ ಉತ್ತರಕ್ಕೆ ಹೋಗಿ, ಡಿಸೆಂಬರ್ 5ಕ್ಕೆ ಆಂಧ್ರದ ಬಾಪಟ್ಲ ಹತ್ತಿರ ದಡ ಸೇರಿತ್ತು. ನಮ್ಮ ಕಣಕ್ಕೆ ಏನೂ ಆಗಲಿಲ್ಲ. ಅದನ್ನೇ ಪಾಠ ಅಂತ ಕಲಿತೆ. ಆದರೆ ದುರ್ಬಲವಾಯಿತು ಅನ್ನುವುದು ಗಾಳಿಯ ಲೆಕ್ಕ. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, ಕೆಳಗಿಳಿದರೆ ವಾಯುಭಾರ ಕುಸಿತ. ಆ ಹೆಸರುಗಳಲ್ಲಿ ಮಳೆಯ ಮಾತೇ ಇಲ್ಲ. ಫೆಂಗಲ್ ಪುದುಚೇರಿ ಬಳಿ ಗಂಟೆಗಟ್ಟಲೆ ನಿಂತು, ನಿಧಾನವಾಗಿ ಪಶ್ಚಿಮಕ್ಕೆ ಹೊರಟಿತು. ದಡದಿಂದ ಅಷ್ಟು ಒಳಗಿರುವ, ಕರ್ನಾಟಕದ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನ 50 ಸೆಂ.ಮೀ. ಸುರಿಯಿತು! ಫೆಂಗಲ್ ಡಿಸೆಂಬರ್ 3ರ ಸುಮಾರಿಗೆ ಉತ್ತರ ಕೇರಳ-ಕರ್ನಾಟಕ ಕರಾವಳಿಯಿಂದ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ ಅಂತ ಹವಾಮಾನ ಇಲಾಖೆ ಮೊದಲೇ ಹೇಳಿತ್ತು. ಭೂಪಟದಲ್ಲಿ ಪುದುಚೇರಿಯಿಂದ ಅಲ್ಲಿಗೊಂದು ಗೆರೆ ಎಳೆದಿದ್ದರೆ ಸಾಕಿತ್ತು. ನಡುವೆ ಸಿಗುವವರು ನಾವೇ ಅಲ್ವಾ?

ಆಮೇಲೆ ಡೈರಿ ತೆಗೆದು ನೋಡಿದೆ. 2022ರಲ್ಲಿ ಮಾಂಡೌಸ್ ಡಿಸೆಂಬರ್ 9ರ ರಾತ್ರಿ ಮಹಾಬಲಿಪುರಂ ಬಳಿ ದಡ ಸೇರಿದ ಮೇಲಿನ ಪುಟಗಳಲ್ಲಿ ಅಪ್ಪ ಪಕ್ಕಕ್ಕೆ ಸಣ್ಣದಾಗಿ ‘ಬಿಸಿಲಿಲ್ಲ’, ‘ಕಣ ಮುಚ್ಚಿದೆ’ ಅಂತ ಬರೆದಿದ್ದಾರೆ. ಅದನ್ನು ಹಾಕಲು ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಬರೀ ಅಂಕಿ ತುಂಬಿಸಿದ್ದೆ.

ಹಾಗಾಗಿ ಹೇಳುತ್ತೇನೆ, ಡಿಸೆಂಬರ್ ಮಳೆ ಜಾಸ್ತಿನಾ ಕಡಿಮೆನಾ ಅನ್ನುವ ಪ್ರಶ್ನೆಯನ್ನೇ ಬಿಡಿ. ಎರಡು ಇಂಚು ಒಂದೇ ಸಂಜೆ ಹೊಡೆದು ಮರುದಿನ ಬಿಸಿಲು ಬಂದರೆ ಕಾಫಿ ಉಳಿಯುತ್ತದೆ. ಅದೇ ಎರಡು ಇಂಚು ವಾರವಿಡೀ ಜಿನುಗಿದರೆ ಉಳಿಯುವುದಿಲ್ಲ. ಸರಾಸರಿಯೂ ನಂಬುವಂಥದ್ದಲ್ಲ. ವಿಪರೀತ ಮಳೆ ಸುರಿದ 2021ರ ನವೆಂಬರಿನಂಥ ಒಂದು ತಿಂಗಳು ಸೇರಿದರೆ ಉಳಿದ ವರ್ಷಗಳೆಲ್ಲ ಒಣಗಿದಂತೆ ಕಾಣುತ್ತವೆ. ಜಿಲ್ಲೆಯ ಅಂಕಿಯಂತೂ ಬೇಡವೇ ಬೇಡ. ಬಯಲುಸೀಮೆಯ ಕಡೂರಿನ ಮಳೆಗೂ ಮಲೆನಾಡಿನ ಕೊಟ್ಟಿಗೆಹಾರದ ಮಳೆಗೂ ಏನು ಸಂಬಂಧ?

ತಿಂಗಳು ಬಿಟ್ಟು ಒಂದೊಂದು ಚಂಡಮಾರುತವನ್ನೇ ಹೋಲಿಸಿ. ಎಲ್ಲಿ ದಡ ಸೇರಿತು, ಆಮೇಲೆ ಯಾವ ಕಡೆ ತಿರುಗಿತು, ನಿಮ್ಮ ಕಣಕ್ಕೆ ಎಷ್ಟು ದಿನ ಬಿಸಿಲು ತಪ್ಪಿತು, ಇಷ್ಟು ಬರೆಯಿರಿ. ನನ್ನ ಮಟ್ಟಿಗೆ ಚೆನ್ನೈ-ಪುದುಚೇರಿ ಕಡೆ ಬಂದದ್ದು ನಮ್ಮದು, ಬಾಪಟ್ಲ ಕಡೆ ಹೋದದ್ದು ಅವರದ್ದು. ನಮ್ಮದಾದರೆ ಅದು ಅರಬ್ಬಿ ಸಮುದ್ರ ಸೇರುವವರೆಗೆ ಕುಯ್ಲು ನಿಲ್ಲಿಸುತ್ತೇನೆ. ಹಣ್ಣು ಬಿರಿದು ಉದುರುತ್ತದೆ ಅಂತ ಹಲವರು ಒಪ್ಪುವುದಿಲ್ಲ. ಉದುರಿದ್ದನ್ನು ಹೆಕ್ಕಬಹುದು. ಹುಳಿ ಬಂದ ಪಾರ್ಚ್‌ಮೆಂಟನ್ನು ಸರಿಮಾಡಲು ಆಗುವುದಿಲ್ಲ.

ಆ್ಯಪ್ ಯಾವುದಾದರೂ ನಡೆಯುತ್ತದೆ. ಹವಾಮಾನ ಇಲಾಖೆಯ ಚಂಡಮಾರುತದ ಪ್ರಕಟಣೆಯನ್ನು ಮಾತ್ರ ಕೊನೆಯ ಸಾಲಿನವರೆಗೆ ಓದಿ. ಮಳೆಮಾಪಕ ಇನ್ನೂ ಇಟ್ಟಿಲ್ಲದಿದ್ದರೆ ಸಿಲ್ವರ್ ಓಕ್ ಬುಡದಲ್ಲಿ ಇಡಬೇಡಿ. ಮರದ ಎತ್ತರದ ಎರಡರಷ್ಟಾದರೂ ದೂರ ಬೇಕು. ತೋಟದಲ್ಲಿ ಅಷ್ಟು ಬಯಲು ಸಿಗುವುದು ಸಾಮಾನ್ಯವಾಗಿ ಕಣದಲ್ಲೇ.