ಅಣುಶಕ್ತಿಗೆ ಅಂತಾರಾಷ್ಟ್ರೀಯ ಹತೋಟಿ: 1946ರ ಯತ್ನ ಏಕೆ ಫಲಿಸಲಿಲ್ಲ?

ಪ್ರಶ್ನೆ: ಎರಡನೇ ಮಹಾಯುದ್ಧ ಮುಗಿದ ಬೆನ್ನಲ್ಲೇ ಅಣುಶಕ್ತಿಯನ್ನು ಯಾವ ದೇಶದ ಕೈಯಲ್ಲೂ ಬಿಡದೆ ಅಂತಾರಾಷ್ಟ್ರೀಯ ಸಂಸ್ಥೆಯೊಂದರ ಸುಪರ್ದಿಗೆ ಒಪ್ಪಿಸುವ ಯೋಜನೆಯಿತ್ತೆಂದು ಓದಿದೆ. ಸೋವಿಯತ್ ಒಕ್ಕೂಟದ ಹಟದಿಂದಲೇ ಅದು ಮುರಿದುಬಿತ್ತೇ?

ಉತ್ತರ: ಯೋಜನೆ ಇದ್ದದ್ದು ನಿಜ, ಅದು ಮುರಿದುಬಿದ್ದ ಹೊಣೆಯನ್ನು ಒಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. 1946ರ ಜನವರಿ 24ರಂದು ಲಂಡನ್ನಿನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ ಮೊತ್ತಮೊದಲ ನಿರ್ಣಯದಿಂದಲೇ ಪರಮಾಣು ಶಕ್ತಿ ಆಯೋಗವನ್ನು ಸ್ಥಾಪಿಸಿತು. ಆ ವೇಳೆಗೆ ಸೋವಿಯತ್ ಒಕ್ಕೂಟವೂ ಮಾಸ್ಕೋ ಮಾತುಕತೆಯಲ್ಲಿ ಇದಕ್ಕೆ ಸಮ್ಮತಿಸಿತ್ತು.

ಆಯೋಗದ ಮುಂದೆ ಏನನ್ನಿಡಬೇಕೆಂದು ಅಮೆರಿಕದಲ್ಲಿ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿ ಡೀನ್ ಅಚಿಸನ್ ಸಮಿತಿಗಾಗಿ ಡೇವಿಡ್ ಲಿಲಿಯೆಂತಾಲ್ ನೇತೃತ್ವದ ಐವರು ಸಲಹೆಗಾರರು ಚಿಂತಿಸಿದರು. ಭೌತವಿಜ್ಞಾನಿ ಓಪನ್‌ಹೈಮರ್ ಅವರಲ್ಲೊಬ್ಬರು. 1946ರ ಮಾರ್ಚ್‌ನಲ್ಲಿ ಹೊರಬಂದ ಅವರ ವರದಿಯ ತರ್ಕ ಇಂದಿಗೂ ಓದಿಸಿಕೊಳ್ಳುತ್ತದೆ. ಯುರೇನಿಯಂ ಅಗೆಯುವುದು, ಅದನ್ನು ಸಂವರ್ಧಿಸುವುದು (ಅಂದರೆ ಅದರಲ್ಲಿ ಸುಲಭವಾಗಿ ಸೀಳುವ ಬಗೆಯ ಯುರೇನಿಯಂನ ಪಾಲು ಹೆಚ್ಚಿಸುವುದು), ರಿಯಾಕ್ಟರಿನಲ್ಲಿ ಪ್ಲುಟೋನಿಯಂ ತಯಾರಿಸುವುದು, ಇವೆಲ್ಲ ವಿದ್ಯುತ್ತಿಗೂ ಬಾಂಬಿಗೂ ಬಹುದೂರದವರೆಗೆ ಒಂದೇ ದಾರಿ. ಬೇರೆಯಾಗುವುದು ಉದ್ದೇಶ ಮಾತ್ರ. ಗಣಿ, ಕಾರ್ಖಾನೆಗಳು ಆಯಾ ದೇಶದವರ ಕೈಯಲ್ಲೇ ಇದ್ದರೆ ತಪಾಸಣೆಗೆ ಹೋದವನು ಲೆಕ್ಕಪುಸ್ತಕ ನೋಡಬಲ್ಲನೇ ಹೊರತು ಮನಸ್ಸಿನೊಳಗಿನ ಉದ್ದೇಶವನ್ನಲ್ಲ. ಆದ್ದರಿಂದ ಅಪಾಯಕಾರಿ ಕೆಲಸಗಳ ಒಡೆತನವನ್ನೇ ಅಂತಾರಾಷ್ಟ್ರೀಯ ಪ್ರಾಧಿಕಾರವೊಂದಕ್ಕೆ ವಹಿಸಬೇಕು, ಆಗ ಯಾವುದೇ ದೇಶ ತಾನಾಗಿ ಯುರೇನಿಯಂ ಗಣಿ ತೆರೆದರೆ ಉದ್ದೇಶವೇನೆಂದು ಕೇಳುವ ಗೊಡವೆಯೇ ಇಲ್ಲ, ತೆರೆದದ್ದೇ ಉಲ್ಲಂಘನೆ ಎಂಬುದು ಅವರ ವಾದ. ಸ್ಥಾವರಗಳನ್ನು ಹಲವು ದೇಶಗಳಲ್ಲಿ ಹಂಚಿಟ್ಟರೆ ಒಬ್ಬರು ತಮ್ಮ ನೆಲದಲ್ಲಿರುವುದನ್ನು ಕಬಳಿಸಿದರೂ ಉಳಿದವರು ಬರಿಗೈಯಲ್ಲಿ ನಿಲ್ಲಬೇಕಾಗುತ್ತಿರಲಿಲ್ಲ.

ಇದನ್ನು ಮಂಡಿಸುವ ಹೊಣೆ ಬಿದ್ದದ್ದು ಬರ್ನಾರ್ಡ್ ಬರೂಕ್ ಎಂಬ ಹಿರಿಯ ಹಣಕಾಸುದಾರರ ಮೇಲೆ. (ಆಯ್ಕೆ ಕೇಳಿ ಲಿಲಿಯೆಂತಾಲ್ ಸಂತೋಷಪಡಲಿಲ್ಲ.) ಜೂನ್ 14ರಂದು ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿ ಅವರು ಮಂಡಿಸಿದ ಯೋಜನೆಯಲ್ಲಿ ಉಲ್ಲಂಘಿಸಿದವರಿಗೆ ಖಚಿತ ಶಿಕ್ಷೆ, ಆ ಶಿಕ್ಷೆಯನ್ನು ತಡೆಯಲು ಯಾರಿಗೂ ವೀಟೊ ಇಲ್ಲ ಎಂಬ ಷರತ್ತುಗಳು ಸೇರಿಕೊಂಡಿದ್ದವು. ಐದು ದಿನಗಳ ಬಳಿಕ ಸೋವಿಯತ್ ಪ್ರತಿನಿಧಿ ಆಂದ್ರೆ ಗ್ರೊಮಿಕೊ ತಮ್ಮ ಪ್ರಸ್ತಾವವನ್ನು ಮುಂದಿಟ್ಟರು: ಮೊದಲು ಅಣ್ವಸ್ತ್ರಗಳನ್ನು ನಿಷೇಧಿಸಿ, ಇರುವ ಬಾಂಬುಗಳನ್ನು ಮೂರು ತಿಂಗಳೊಳಗೆ ನಾಶಮಾಡಿ, ನಿಯಂತ್ರಣದ ಮಾತು ಆಮೇಲೆ.

ನನ್ನ ದೃಷ್ಟಿಯಲ್ಲಿ ವೀಟೊಗಿಂತ ಈ 'ಯಾವುದು ಮೊದಲು' ಎಂಬ ಪ್ರಶ್ನೆಯೇ ನಿಜವಾದ ಗಂಟು. ಬರೂಕ್ ಯೋಜನೆಯಂತೆ ಹತೋಟಿ ವ್ಯವಸ್ಥೆ ಪೂರ್ತಿ ಜಾರಿಗೆ ಬರುವವರೆಗೆ ಅಮೆರಿಕದ ಬಳಿ ಬಾಂಬ್ ಇರುತ್ತದೆ. ಸೋವಿಯತ್ ಒಕ್ಕೂಟ ಮಾತ್ರ ತನ್ನ ಗಣಿಗಳನ್ನು ತೆರೆದು ತೋರಿಸಬೇಕು, ತನ್ನದೇ ಬಾಂಬಿನ ಕೆಲಸವನ್ನೂ ಕೈಬಿಡಬೇಕು. ಅತ್ತ ಗ್ರೊಮಿಕೊ ಮಾತಿಗೆ ಒಪ್ಪಿದರೆ ಅಮೆರಿಕ ಬರೀ ಕಾಗದದ ಭರವಸೆ ನಂಬಿ ಅಸ್ತ್ರ ಬಿಟ್ಟುಕೊಡಬೇಕು. ಇದರ ನಡುವೆ ಜುಲೈ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಬಾಂಬ್ ಪರೀಕ್ಷೆ ನಡೆಸಿತು; ಆಗಸ್ಟ್ 1ರಂದು ಸಹಿಯಾದ ಮೆಕ್‌ಮಹೋನ್ ಕಾಯ್ದೆ ಮಿತ್ರ ಬ್ರಿಟನ್ನಿಗೂ ಅಣು ರಹಸ್ಯಗಳ ಬಾಗಿಲು ಮುಚ್ಚಿತು. ಇಂಥ ಹೊತ್ತಿನಲ್ಲಿ ಮಾಸ್ಕೋ ನಂಬಿಕೆ ಇಡಲಿ ಎನ್ನುವುದು ಅತಿಯಾಸೆ. ಬರೂಕ್ ಷರತ್ತುಗಳಿಲ್ಲದಿದ್ದರೂ ಸ್ಟಾಲಿನ್ ಒಪ್ಪುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ; ನಿರಾಕರಣೆಗೆ ಒಳ್ಳೆಯ ನೆಪವಂತೂ ಸಿಕ್ಕಿತು.

ಡಿಸೆಂಬರ್ 30ರಂದು ಆಯೋಗದಲ್ಲಿ ಹತ್ತು ದೇಶಗಳು ಪರವಾಗಿ ಮತ ಹಾಕಿದವು. ಸೋವಿಯತ್ ಒಕ್ಕೂಟ ಮತ್ತು ಪೋಲೆಂಡ್ ಮತ ಚಲಾಯಿಸಲಿಲ್ಲ. ನೀವು ಕೇಳಿರಬಹುದಾದ ವೀಟೊ ಬಿದ್ದದ್ದು 1948ರ ಜೂನ್‌ನಲ್ಲಿ, ಭದ್ರತಾ ಮಂಡಳಿಯಲ್ಲಿ. 1949ರ ಆಗಸ್ಟ್ 29ರ ಸೋವಿಯತ್ ಪರೀಕ್ಷೆಯ ನಂತರ ಚರ್ಚೆಗೆ ಅರ್ಥವೇ ಉಳಿಯಲಿಲ್ಲ; 1952ರಲ್ಲಿ ಆಯೋಗ ವಿಸರ್ಜನೆಯಾಯಿತು.

ಪ್ರಶ್ನೆ: ಹಾಗಾದರೆ ವಿಯೆನ್ನಾದ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಅದೇ ಯೋಜನೆಯ ಮುಂದುವರಿಕೆಯೇ?

ಉತ್ತರ: ಅಲ್ಲ. 1953ರ ಡಿಸೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಮಾಡಿದ ಭಾಷಣದಿಂದ ಹುಟ್ಟಿ 1957ರಲ್ಲಿ ರೂಪುಗೊಂಡ ಆ ಸಂಸ್ಥೆಗೆ ಗಣಿಗಳ ಒಡೆತನವಿಲ್ಲ. ಸ್ಥಾವರಗಳು ಆಯಾ ದೇಶದವೇ, ಸಂಸ್ಥೆಯದು ತಪಾಸಣೆ. ಲಿಲಿಯೆಂತಾಲ್ ತಂಡ ಸಾಲದೆಂದು ಬದಿಗಿಟ್ಟ ದಾರಿಯದು. ಒಡೆತನದ ಎಳೆ ಒಂದು ಕಡೆ ಮಾತ್ರ ಕಾಣಿಸುತ್ತದೆ: ಯಾವುದಾದರೂ ದೇಶಕ್ಕೆ ಇಂಧನದ ಪೂರೈಕೆ ನಿಂತರೆ ಇರಲೆಂದು ಕಜಾಕಸ್ತಾನದಲ್ಲಿ 2019ರಿಂದ ದಾಸ್ತಾನಿಟ್ಟಿರುವ, ವಿದ್ಯುತ್ ಸ್ಥಾವರಕ್ಕಷ್ಟೇ ತಕ್ಕ ಯುರೇನಿಯಂ ಆ ಸಂಸ್ಥೆಯದೇ ಸ್ವತ್ತು.