ಮುರಿದ ಶಾಫ್ಟ್‌ನಲ್ಲಿ ಡಿಂಪಲ್ ಕಂಡರೆ ಅದು ಓವರ್‌ಲೋಡ್ ಎಂದೇ ಅರ್ಥವೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನಿಮ್ಮ ಘಟಕದಲ್ಲಿ ಇಎನ್ 8 ಎಂಬ ಮಧ್ಯಮ ಇಂಗಾಲದ ಉಕ್ಕಿನ ಪಂಪ್ ಶಾಫ್ಟ್, ಬೇರಿಂಗ್ ಕೂರುವ ಮೆಟ್ಟಿಲಿನ, ಅಂದರೆ ಶಾಫ್ಟ್‌ನ ದಪ್ಪ ಬದಲಾಗುವ ಜಾಗದ ಬಳಿ ತುಂಡಾಗಿದೆ. ಪ್ರಯೋಗಾಲಯವೊಂದು ಮುರಿದ ಮುಖವನ್ನು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ಅಂದರೆ ಎಸ್‌ಇಎಂನಲ್ಲಿ, ನೋಡಿ ‘ಡಿಂಪಲ್‌ಗಳು (ಅತಿ ಸಣ್ಣ ಕುಳಿಗಳು) ಕಂಡುಬಂದಿವೆ, ಆದ್ದರಿಂದ ಇದು ಓವರ್‌ಲೋಡ್ ಮುರಿತ’ ಎಂದು ವರದಿ ಕೊಟ್ಟಿದೆ. ಶಾಫ್ಟ್ ಪೂರೈಸಿದವರು ಅದನ್ನೇ ಮುಂದಿಟ್ಟು, ಯಂತ್ರವನ್ನು ಮಿತಿಮೀರಿ ದುಡಿಸಿದ್ದು ನೀವೇ ಎನ್ನುತ್ತಿದ್ದಾರೆ. ಈ ವರದಿಯನ್ನು ನಂಬಬಹುದೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಡಿಂಪಲ್ ಕಂಡಿವೆ ಎಂಬುದನ್ನು ನಾನು ಅನುಮಾನಿಸುವುದಿಲ್ಲ, ಆದರೆ ಅಷ್ಟರಿಂದಲೇ ಓವರ್‌ಲೋಡ್ ಎಂಬ ತೀರ್ಮಾನಕ್ಕೆ ಬರಲಾಗದು. ಆ ಚಿತ್ರವನ್ನು ಮುರಿದ ಮುಖದ ಯಾವ ಜಾಗದಲ್ಲಿ ತೆಗೆದರು ಎಂಬುದು ತಿಳಿಯುವವರೆಗೆ ಅದನ್ನು ಯಾರ ವಿರುದ್ಧವೂ ಸಾಕ್ಷಿಯಾಗಿ ಬಳಸುವುದು ಸರಿಯಲ್ಲ.

ಕಾರಣ ಹೀಗಿದೆ. ಉಕ್ಕು ಎಷ್ಟೇ ಶುದ್ಧವಾಗಿದ್ದರೂ ಅದರೊಳಗೆ ಮ್ಯಾಂಗನೀಸ್ ಸಲ್ಫೈಡ್, ಆಕ್ಸೈಡ್, ಕಾರ್ಬೈಡ್ ಮುಂತಾದ ಸಣ್ಣ ಕಣಗಳು ಹುದುಗಿರುತ್ತವೆ. ಬಗ್ಗುವ, ಎಳೆದರೆ ಹಿಗ್ಗುವ ಗುಣವುಳ್ಳ ಉಕ್ಕನ್ನು ಅದರ ತಾಳಿಕೆ ಮೀರಿ ಎಳೆದಾಗ ಈ ಕಣಗಳ ಸುತ್ತ ಪುಟ್ಟ ಪುಟ್ಟ ಪೊಳ್ಳುಗಳು ತೆರೆದುಕೊಂಡು, ಬೆಳೆದು, ಒಂದಕ್ಕೊಂದು ಕೂಡಿಕೊಂಡು ಲೋಹ ಬೇರ್ಪಡುತ್ತದೆ. ಹೀಗೆ ಬೇರ್ಪಟ್ಟ ಮುಖದ ಮೇಲೆ ಉಳಿದ ಅರ್ಧರ್ಧ ಪೊಳ್ಳುಗಳೇ ಡಿಂಪಲ್‌ಗಳು. ಕೆಲವು ಕುಳಿಗಳ ತಳದಲ್ಲಿ, ಅದನ್ನು ಹುಟ್ಟಿಸಿದ ಕಣ ಇನ್ನೂ ಕೂತಿರುವುದನ್ನು ಎಸ್‌ಇಎಂನಲ್ಲಿ ಸ್ಪಷ್ಟವಾಗಿ ನೋಡಬಹುದು. ನೇರ ಎಳೆತದಲ್ಲಿ ಮುರಿದರೆ ಕುಳಿಗಳು ಹೆಚ್ಚುಕಡಿಮೆ ದುಂಡಗಿರುತ್ತವೆ. ಕತ್ತರಿಸುವ ಬಲದಲ್ಲಿ ಮುರಿದರೆ ಅವು ಒಂದು ದಿಕ್ಕಿಗೆ ಉದ್ದಕ್ಕೆ ಎಳೆದಂತಿದ್ದು, ಎದುರು ತುಂಡಿನ ಮೇಲೆ ವಿರುದ್ಧ ದಿಕ್ಕಿಗೆ ಮುಖಮಾಡಿರುತ್ತವೆ.

ಈಗ ಒಂದು ಶಾಫ್ಟ್ ಓವರ್‌ಲೋಡ್‌ನಿಂದಲ್ಲ, ಲೋಹದ ದಣಿವಿನಿಂದ, ಅಂದರೆ ಫಟೀಗ್‌ನಿಂದ ಮುರಿಯಿತೆಂದುಕೊಳ್ಳಿ. ಮೆಟ್ಟಿಲಿನ ಮೂಲೆಯಲ್ಲಿ ಹುಟ್ಟಿದ ಬಿರುಕು ಪ್ರತಿ ಸುತ್ತಿಗೂ ಒಂದಿಷ್ಟು ಮುಂದೆ ಸರಿಯುತ್ತಾ ಹೋಗುತ್ತದೆ. ಶಾಫ್ಟ್ ತಿರುಗುತ್ತಲೇ ಇರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ಹಂತದಲ್ಲಿ ಉಳಿದಿರುವ ಗಟ್ಟಿ ಭಾಗಕ್ಕೆ ದಿನನಿತ್ಯದ ಸಾಧಾರಣ ಹೊರೆಯನ್ನೂ ಹೊರಲಾಗದೆ ಅದು ಒಮ್ಮೆಗೇ ಹರಿದು ಹೋಗುತ್ತದೆ. ಬಗ್ಗುವ ಉಕ್ಕಿನಲ್ಲಿ ಹೀಗೆ ಕೊನೆಗೆ ಹರಿದ ಜಾಗದಲ್ಲಿ ಸಾಮಾನ್ಯವಾಗಿ ಡಿಂಪಲ್‌ಗಳೇ ಇರುತ್ತವೆ. ಹಾಗಾಗಿ ಫಟೀಗ್‌ನಿಂದ ಮುರಿದ ಶಾಫ್ಟ್‌ನಲ್ಲೂ ಡಿಂಪಲ್ ಹುಡುಕಿದರೆ ಸಿಗುತ್ತದೆ. ಅವು ಹೇಳುವುದು ಕೊನೆಯ ಕ್ಷಣದಲ್ಲಿ ಏನಾಯಿತು ಎಂಬುದನ್ನು ಮಾತ್ರ. ಬಿರುಕು ಎಲ್ಲಿ ಹುಟ್ಟಿತು, ಏಕೆ ಹುಟ್ಟಿತು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ಆದ್ದರಿಂದ ಎಸ್‌ಇಎಂಗಿಂತ ಮೊದಲು ಬೇಕಾದದ್ದು ಬರಿಗಣ್ಣು, ಒಂದು ಕೈಮಸೂರ ಮತ್ತು ಓರೆಯಾಗಿ ಬೀಳುವ ಬೆಳಕು. ನಿಮ್ಮ ಶಾಫ್ಟ್‌ನ ಮುಖವನ್ನು ಕಿಟಕಿಯ ಬಳಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಹೊರ ಅಂಚಿನ ಒಂದು ಭಾಗ ನಯವಾಗಿದ್ದು, ಅಲ್ಲಿಂದ ಒಳಕ್ಕೆ ಬಾಗಿದ ಗೆರೆಗಳು ಒಂದರ ಹಿಂದೆ ಒಂದು ಹರಡಿದ್ದರೆ ಅವು ಬೀಚ್ ಮಾರ್ಕ್‌ಗಳು. ಯಂತ್ರ ನಿಂತು ಹೊರಟಾಗ, ಹೊರೆ ಏರಿಳಿದಾಗ ಬಿರುಕಿನ ತುದಿ ಎಲ್ಲಿತ್ತು ಎಂಬುದರ ಗುರುತು ಅವು. ಅಂಚಿನಲ್ಲೇ ಗರಗಸದ ಹಲ್ಲಿನಂತಹ ಪುಟ್ಟ ಮೆಟ್ಟಿಲುಗಳಿದ್ದರೆ ಬಿರುಕು ಒಂದೇ ಕಡೆ ಹುಟ್ಟದೆ ಸುತ್ತಲೂ ಹಲವು ಕಡೆ ಒಟ್ಟೊಟ್ಟಿಗೆ ಹುಟ್ಟಿದೆ ಎಂದರ್ಥ. ಮೂಲೆಯ ಫಿಲೆಟ್, ಅಂದರೆ ಮೂಲೆಗೆ ಕೊಡುವ ದುಂಡು ತಿರುವು, ತೀರಾ ಚೂಪಾಗಿರುವಾಗ ಹೀಗಾಗುವುದು ಸಾಮಾನ್ಯ. ಕೊನೆಗೆ ಒರಟಾದ ಒಂದು ಪ್ರದೇಶ ಉಳಿಯುತ್ತದೆ, ಅದೇ ಕಡೆಯದಾಗಿ ಹರಿದ ಜಾಗ. ನಿಮ್ಮ ವಿವಾದಕ್ಕೆ ಅತ್ಯಂತ ಮುಖ್ಯವಾದದ್ದು ಇದರ ಅಳತೆ. ಈ ಒರಟು ಪ್ರದೇಶ ಇಡೀ ಮುಖದ ಸಣ್ಣದೊಂದು ಪಾಲು ಮಾತ್ರವಾಗಿದ್ದರೆ, ಮುರಿಯುವ ಗಳಿಗೆಯಲ್ಲಿ ಶಾಫ್ಟ್‌ನ ಮೇಲಿದ್ದ ಹೊರೆ ಕಡಿಮೆಯೇ ಇತ್ತು. ಇಲ್ಲದಿದ್ದರೆ ಅಷ್ಟು ದೂರ ಬಿರುಕು ಬಿಟ್ಟ ಶಾಫ್ಟ್ ಅದಕ್ಕೆ ಬಹಳ ಮೊದಲೇ ತುಂಡಾಗುತ್ತಿತ್ತು. ಒಮ್ಮೆಲೇ ಬಿದ್ದ ಮಿತಿಮೀರಿದ ಹೊರೆಯಿಂದ ಮುರಿದಿದ್ದರೆ ಬೀಚ್ ಮಾರ್ಕ್ ಇರುವುದಿಲ್ಲ, ಮತ್ತು ಶಾಫ್ಟ್ ಬಾಗಿದ್ದೋ ತಿರುಚಿದ್ದೋ ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ.

ಹಾಗಾದರೆ ಎಸ್‌ಇಎಂ ಏಕೆ ಬೇಕು? ಬೆಳಕಿನ ಸೂಕ್ಷ್ಮದರ್ಶಕಕ್ಕೆ ಎರಡು ಮಿತಿಗಳಿವೆ. ಸುಮಾರು 0.2 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಹತ್ತಿರದ ಎರಡು ಬಿಂದುಗಳನ್ನು ಅದು ಬೇರ್ಪಡಿಸಲಾರದು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಹೆಚ್ಚು ವರ್ಧನೆಯಲ್ಲಿ ಅದು ಒಂದು ಮೈಕ್ರಾನ್‌ಗೂ ಕಡಿಮೆ ಆಳದ ಪದರವನ್ನಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ, ಮುರಿದ ಮುಖವಾದರೋ ಗುಡ್ಡಕಣಿವೆಗಳಿಂದ ತುಂಬಿರುತ್ತದೆ. 1944ರಲ್ಲಿ ಈ ಅಧ್ಯಯನಕ್ಕೆ ಫ್ರ್ಯಾಕ್ಟೋಗ್ರಫಿ ಎಂಬ ಹೆಸರು ಕೊಟ್ಟ ಅಮೆರಿಕದ ಕಾರ್ಲ್ ಝಾಪ್ಫೆ, ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಮುಖವನ್ನು ಓರೆಮಾಡಿ ಹೊಂದಿಸಿಕೊಂಡು ನೋಡಿದ ತಾಳ್ಮೆಯನ್ನು ನೆನೆದರೆ ನನಗೆ ಇಂದಿಗೂ ಗೌರವ ಮೂಡುತ್ತದೆ. ಎಸ್‌ಇಎಂನಲ್ಲಿ ನಿರ್ವಾತದೊಳಗೆ ಎಲೆಕ್ಟ್ರಾನ್‌ಗಳ ಸಣ್ಣ ಕಿರಣವೊಂದು ಮೇಲ್ಮೈಯ ಮೇಲೆ ಸಾಲುಸಾಲಾಗಿ ಹರಿದಾಡುತ್ತದೆ. ಮೇಲಿನ ಕೆಲವೇ ನ್ಯಾನೊಮೀಟರ್ ಪದರದಿಂದ ಹೊರಬೀಳುವ ದುರ್ಬಲ ಎಲೆಕ್ಟ್ರಾನ್‌ಗಳನ್ನು ಹಿಡಿದು ಚಿತ್ರ ಕಟ್ಟಲಾಗುತ್ತದೆ. ಒಂದು ಸಾವಿರ ಪಟ್ಟು ವರ್ಧನೆಯಲ್ಲೂ ಹತ್ತಾರು ಮೈಕ್ರಾನ್ ಏರಿಳಿತ ಒಟ್ಟಿಗೇ ಸ್ಪಷ್ಟವಾಗಿ ಕಾಣುವುದರಿಂದ ಮುರಿತದ ಅಧ್ಯಯನಕ್ಕೆ ಇದು ಹೇಳಿ ಮಾಡಿಸಿದ ಉಪಕರಣ. ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ಓಟ್ಲಿಯವರ ತಂಡ ನಡೆಸಿದ ದೀರ್ಘ ಸಂಶೋಧನೆಯ ಫಲವಾಗಿ 1965ರಲ್ಲಿ ‘ಸ್ಟೀರಿಯೊಸ್ಕ್ಯಾನ್’ ಎಂಬ ಎಸ್‌ಇಎಂ ಮಾರುಕಟ್ಟೆಗೆ ಬಂದ ಮೇಲೆ ಈ ಕೆಲಸದ ಸ್ವರೂಪವೇ ಬದಲಾಯಿತು.

ಬರಿಗಣ್ಣು ಗುರುತಿಸಿದ ಬಿರುಕಿನ ಹುಟ್ಟುಜಾಗ ಮತ್ತು ನಯವಾದ ಪ್ರದೇಶಕ್ಕೆ ಎಸ್‌ಇಎಂ ಕಿರಣವನ್ನು ಒಯ್ಯಬೇಕು. ಅಲ್ಲಿ ಬಿರುಕು ಸಾಗಿದ ದಿಕ್ಕಿಗೆ ಅಡ್ಡಲಾಗಿ, ಹೆಚ್ಚಾಗಿ 0.1ರಿಂದ ಒಂದೆರಡು ಮೈಕ್ರಾನ್ ಅಂತರದಲ್ಲಿ, ಒತ್ತೊತ್ತಾಗಿ ಕೂತ ಸಮಾನಾಂತರ ಗೆರೆಗಳು ಸಿಗಬಹುದು. ಇವೇ ಸ್ಟ್ರಯೇಷನ್‌ಗಳು. ಬಿರುಕು ಸ್ಥಿರವಾಗಿ ಬೆಳೆಯುವ ಹಂತದಲ್ಲಿ ಹೊರೆಯ ಒಂದು ಆವರ್ತನಕ್ಕೆ ಒಂದು ಗೆರೆ ಮೂಡುತ್ತದೆ. ಕಣ್ಣಿಗೆ ಕಾಣುವ ಒಂದು ಬೀಚ್ ಮಾರ್ಕ್‌ನೊಳಗೆ ಇಂಥ ಸಾವಿರಾರು ಗೆರೆಗಳಿರಬಹುದು. ಆದರೆ ಇಲ್ಲಿ ನಿಮ್ಮ ಇಎನ್ 8ರ ವಿಷಯದಲ್ಲಿ ಎಚ್ಚರ ಬೇಕು. ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಚೆನ್ನಾಗಿ ಮೂಡುವ ಸ್ಟ್ರಯೇಷನ್ ಉಕ್ಕಿನಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಮತ್ತು ತಿರುಗುವ ಶಾಫ್ಟ್‌ನಲ್ಲಿ ಎರಡೂ ಮುಖಗಳು ಉಜ್ಜಿಕೊಂಡು ಅದು ಅಳಿಸಿ ಹೋಗುವುದೂ ಉಂಟು. ಆದ್ದರಿಂದ ಸ್ಟ್ರಯೇಷನ್ ಕಾಣಲಿಲ್ಲ ಎಂಬ ಮಾತ್ರಕ್ಕೆ ಫಟೀಗ್ ಅಲ್ಲ ಎನ್ನಲಾಗದು. ಇದಕ್ಕೆ ಪ್ರತಿಯಾಗಿ, ಸ್ಟ್ರಯೇಷನ್ ಎಂದು ತೋರಿದ್ದು ಬೇರೇನೋ ಆಗಿರುವ ಸಾಧ್ಯತೆಯೂ ಇದೆ. ಸುಮಾರು 0.4 ಶೇಕಡಾ ಇಂಗಾಲವಿರುವ ಈ ಉಕ್ಕಿನಲ್ಲಿ ಫೆರೈಟ್ (ಬಹುಪಾಲು ಶುದ್ಧ ಕಬ್ಬಿಣ) ಮತ್ತು ಸಿಮೆಂಟೈಟ್‌ನ (ಕಬ್ಬಿಣದ ಕಾರ್ಬೈಡ್) ತೆಳು ಪಟ್ಟಿಗಳು ಒಂದರ ಪಕ್ಕ ಒಂದು ಕೂತ ಪರ್ಲೈಟ್ ಇರುತ್ತದೆ. ಆ ಪಟ್ಟಿಗಳ ಅಂಚು ಮುರಿದ ಮುಖದಲ್ಲಿ ಥೇಟ್ ಸ್ಟ್ರಯೇಷನ್‌ನಂತೆಯೇ ಕಾಣುತ್ತದೆ. ಪರ್ಲೈಟ್ ಪಟ್ಟಿಗಳ ದಿಕ್ಕು ಒಂದು ಗುಂಪಿನಿಂದ ಪಕ್ಕದ ಗುಂಪಿಗೆ ಮನಬಂದಂತೆ ಬದಲಾಗುತ್ತದೆ, ಸ್ಟ್ರಯೇಷನ್‌ಗಳು ಬಿರುಕಿನ ದಾರಿಗೆ ಅಡ್ಡವಾಗಿಯೇ ಸಾಗುತ್ತವೆ. ಇದನ್ನು ಪರಿಶೀಲಿಸದೆ ಬರೆದ ವರದಿಯನ್ನು ನಾನು ಒಪ್ಪುವುದಿಲ್ಲ.

ಈ ಗೆರೆಗಳು ಎಷ್ಟು ಹೇಳಬಲ್ಲವು ಎಂಬುದಕ್ಕೆ 1989ರ ಜುಲೈ 19ರ ಯುನೈಟೆಡ್ ಏರ್‌ಲೈನ್ಸ್ 232 ವಿಮಾನದ ತನಿಖೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಡೆನ್ವರ್‌ನಿಂದ ಶಿಕಾಗೋಗೆ ಹೊರಟ ಡಿಸಿ-10 ವಿಮಾನದ ಬಾಲದ ಎಂಜಿನ್‌ನಲ್ಲಿ ಟೈಟೇನಿಯಂ ಮಿಶ್ರಲೋಹದ ಫ್ಯಾನ್ ಡಿಸ್ಕ್ ಆಕಾಶದಲ್ಲೇ ಒಡೆದು, ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ನಾಶವಾದವು. ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ತುರ್ತಾಗಿ ಇಳಿಸುವಾಗ 296 ಜನರಲ್ಲಿ 110ಕ್ಕೂ ಹೆಚ್ಚು ಮಂದಿ ಸತ್ತರು. ಡಿಸ್ಕ್‌ನ ತುಂಡುಗಳು ತಿಂಗಳುಗಳ ನಂತರ ಅಯೋವಾದ ಹೊಲಗಳಲ್ಲಿ ಸಿಕ್ಕವು. ಡಿಸ್ಕ್‌ನ ಒಳರಂಧ್ರದ ಮೇಲ್ಮೈಯಲ್ಲಿ, ಒಂದೂವರೆ ಮಿಲಿಮೀಟರ್‌ಗೂ ಚಿಕ್ಕದಾದ ಒಂದು ಕುಳಿಯಿಂದ ಬಿರುಕು ಹೊರಟಿತ್ತು. ಆ ಕುಳಿಯ ಸುತ್ತಲ ಲೋಹದಲ್ಲಿ ನೈಟ್ರೋಜನ್ ಸೇರಿಕೊಂಡು ಗಡುಸಾಗಿ, ಭಂಗುರವಾಗಿತ್ತು. ಅಂದರೆ ದೋಷ ಹುಟ್ಟಿದ್ದು ಲೋಹವನ್ನು ಕರಗಿಸಿ ಎರಕ ಹೊಯ್ದ ದಿನವೇ. ಮುಖದ ಮೇಲಿನ ಮುಖ್ಯ ಸ್ಟ್ರಯೇಷನ್‌ಗಳ ಎಣಿಕೆ, ಆ ಡಿಸ್ಕ್ ಕಂಡಿದ್ದ ಸುಮಾರು 15,500 ಹಾರಾಟಗಳ ಸಂಖ್ಯೆಗೆ ಹತ್ತಿರ ಹತ್ತಿರ ಹೊಂದಿತು. ಬಿರುಕಿನ ಮೇಲ್ಮೈಯ ಒಂದು ಭಾಗ ಬಣ್ಣಗೆಟ್ಟಿತ್ತು. ಅಪಘಾತಕ್ಕೆ 760 ಹಾರಾಟಗಳ ಹಿಂದೆ ನಡೆದ, ಬಿರುಕು ಹುಡುಕುವ ಫ್ಲೋರೆಸೆಂಟ್ ದ್ರವದ ತಪಾಸಣೆಯ ಸಮಯದಲ್ಲೇ ಆ ಬಣ್ಣ ಬಂದದ್ದು, ಬಣ್ಣಗೆಟ್ಟ ಜಾಗದ ಅಳತೆಯೇ ಆ ದಿನ ಇದ್ದ ಬಿರುಕಿನ ಅಳತೆ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ತಪಾಸಣೆಯಲ್ಲಿ ಕಾಣಬೇಕಿದ್ದ ಬಿರುಕು ಕಾಣದೆ ಹೋಗಿತ್ತು ಎಂಬುದನ್ನು ಮುರಿದ ಲೋಹವೇ ದಾಖಲಿಸಿಟ್ಟಿತ್ತು.

ಇನ್ನೆರಡು ಬಗೆಯ ಮುರಿತಗಳನ್ನು ಚುಟುಕಾಗಿ ಹೇಳುತ್ತೇನೆ. ಚಳಿಯಲ್ಲೋ ಹಠಾತ್ ಪೆಟ್ಟಿಗೋ ಫೆರೈಟ್ ಹರಳುಗಳು ತಮ್ಮ ನಿರ್ದಿಷ್ಟ ತಲಗಳಲ್ಲಿ ಸೀಳಿದರೆ ಅದು ಕ್ಲೀವೇಜ್. ಚಪ್ಪಟೆ ಮುಖಗಳ ಮೇಲೆ ನದಿಯ ಕವಲುಗಳಂತೆ ಕೂಡುತ್ತಾ ಹೋಗುವ ಗೆರೆಗಳು, ಕೂಡುವ ದಿಕ್ಕಿನಲ್ಲೇ ಬಿರುಕು ಸಾಗಿತೆಂದು ಸೂಚಿಸುತ್ತವೆ. ಎರಡನೆಯದು ಹರಳುಗಳ ನಡುವಿನ ಗಡಿಯಲ್ಲೇ ಬಿಡಿಸಿಕೊಂಡು ಹೋಗುವ ಮುರಿತ. ಎಸ್‌ಇಎಂನಲ್ಲಿ ಅದು ಕಲ್ಲುಸಕ್ಕರೆಯ ಹರಳುಗಳ ರಾಶಿಯಂತೆ ಕಾಣುತ್ತದೆ. ಸತು ಲೇಪಿಸಿದ, ಅತಿ ಗಟ್ಟಿಯಾದ 12.9 ದರ್ಜೆಯ ಬೋಲ್ಟ್‌ಗಳನ್ನು ಬಿಗಿಮಾಡಿ ಬಿಟ್ಟ ಮೇಲೆ, ಯಾರೂ ಮುಟ್ಟದಿರುವಾಗ, ಕೆಲವು ಗಂಟೆಗಳೋ ದಿನಗಳೋ ಕಳೆದು ತಲೆ ಹಾರುವುದನ್ನು ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡಿದವರು ಬಲ್ಲರು. ಆಮ್ಲದ ತೊಳೆತದಲ್ಲಿ ಮತ್ತು ವಿದ್ಯುತ್ ಲೇಪನದಲ್ಲಿ ಉಕ್ಕಿನೊಳಗೆ ಸೇರಿದ ಹೈಡ್ರೋಜನ್ ಇದಕ್ಕೆ ಕಾರಣ, ಲೇಪನವಾದ ನಾಲ್ಕು ಗಂಟೆಯೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಬೇಯಿಸುವುದು ಇದರ ಪರಿಹಾರ. ಆದರೆ ಎಸ್‌ಇಎಂಗೆ ಜೋಡಿಸಿದ ಎಕ್ಸ್‌ರೇ ವಿಶ್ಲೇಷಕ ಹೈಡ್ರೋಜನ್ ಅನ್ನು ಗುರುತಿಸಲಾರದು. ಮೇಲಾಗಿ, ರಂಜಕದಂತಹ ಕಲ್ಮಶಗಳು ಗಡಿಯಲ್ಲಿ ಸೇರಿದ ಉಕ್ಕೂ ಇದೇ ರೂಪದಲ್ಲಿ ಮುರಿಯಬಹುದು. ಹಾಗಾಗಿ ಗಡಸುತನದ ಅಳತೆ, ಲೇಪನದ ದಾಖಲೆ ಮತ್ತು ಮುರಿದ ಸಮಯ ಇವೆಲ್ಲವೂ ಒಂದೇ ಕಡೆಗೆ ಬೊಟ್ಟುಮಾಡಿದರೆ ಮಾತ್ರ ಹೈಡ್ರೋಜನ್ ಎನ್ನಬಹುದು.

ಇನ್ನು ಒಳರಚನೆಯ ವಿಷಯ. ಮುರಿದ ಮುಖದ ಚಿತ್ರಗಳೆಲ್ಲ ಮುಗಿದ ಮೇಲೆ, ಬಿರುಕಿನ ಹುಟ್ಟುಜಾಗದ ಮೂಲಕವೇ ಲಂಬವಾಗಿ ಒಂದು ಚೂರನ್ನು ಕತ್ತರಿಸಿ, ಎಮರಿ ಕಾಗದದಿಂದ ತೊಡಗಿ ವಜ್ರದ ಪೇಸ್ಟ್‌ವರೆಗೆ ಉಜ್ಜಿ ಕನ್ನಡಿಯಂತೆ ಮಾಡಿ, ಆಲ್ಕೊಹಾಲ್‌ನಲ್ಲಿ ಎರಡು ಶೇಕಡಾ ನೈಟ್ರಿಕ್ ಆಮ್ಲವಿರುವ ನೈಟಲ್‌ನಲ್ಲಿ ಕೆಲವು ಕ್ಷಣ ಅದ್ದಬೇಕು. ಆಗ ಹೊರಚರ್ಮದಲ್ಲಿ ಇಂಗಾಲ ಕಳೆದುಕೊಂಡ ಮೆದು ಪದರವಿದೆಯೇ, ಹುಟ್ಟುಜಾಗದಲ್ಲಿ ಸಲ್ಫೈಡ್ ಪಟ್ಟಿಯೋ ಗಸಿಯೋ ಇದೆಯೇ, ಶಾಫ್ಟ್‌ಗೆ ಹೇಳಿದ ಉಷ್ಣೋಪಚಾರ ನಿಜವಾಗಿ ಆಗಿದೆಯೇ, ಯಾರಾದರೂ ಸವೆತ ಮುಚ್ಚಲು ವೆಲ್ಡಿಂಗ್ ತುಂಬಿದ್ದರೇ ಎಂಬುದೆಲ್ಲ ಬಯಲಾಗುತ್ತದೆ. ಪೂರೈಕೆದಾರರ ಹೊಣೆ ಎಷ್ಟು ಎಂಬುದಕ್ಕೆ ಉತ್ತರ ಹೆಚ್ಚಾಗಿ ಸಿಗುವುದು ಈ ಚೂರಿನಲ್ಲೇ, ಮತ್ತು ನಿಮ್ಮ ವರದಿಯಲ್ಲಿ ಇದರ ಸುಳಿವೂ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿ ಕಂಡಿದೆ. ಉಕ್ಕಿನ ಇಂಗಾಲದ ಪ್ರಮಾಣವನ್ನು ಮಾತ್ರ ಎಸ್‌ಇಎಂನ ಎಕ್ಸ್‌ರೇ ವಿಶ್ಲೇಷಣೆಯಿಂದ ಹೇಳಿಸಬೇಡಿ. ಅದಕ್ಕೆ ಸ್ಪೆಕ್ಟ್ರೋಮೀಟರ್ ಪರೀಕ್ಷೆಯೇ ಬೇಕು.

ಈಗ ನೀವು ಮಾಡಬೇಕಾದದ್ದು: ಎರಡೂ ತುಂಡುಗಳನ್ನು ಪ್ರಯೋಗಾಲಯದಿಂದ ವಾಪಸ್ ಪಡೆಯಿರಿ. ಅವೆರಡನ್ನು ಒಂದಕ್ಕೊಂದು ಕೂರಿಸಿ ನೋಡುವ ಆಸೆ ಯಾರಿಗಾದರೂ ಆಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆ ತಾಗಿದರೂ ಸೂಕ್ಷ್ಮ ಗೆರೆಗಳು ಜಜ್ಜಿಹೋಗುತ್ತವೆ. ತಂತಿಬ್ರಷ್, ಬಟ್ಟೆ, ಬೆರಳು ಯಾವುದೂ ಮುಖಕ್ಕೆ ತಾಗಬಾರದು. ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಬೇರೆ ಬೇರೆಯಾಗಿ ಇಡಿ. ಇಡೀ ಮುಖದ ಒಂದು ಚಿತ್ರವನ್ನೂ, ಪ್ರತಿಯೊಂದು ಎಸ್‌ಇಎಂ ಚಿತ್ರ ತೆಗೆದ ಜಾಗವನ್ನು ಅದರ ಮೇಲೆ ಗುರುತಿಸಿದ ನಕ್ಷೆಯನ್ನೂ ಪ್ರಯೋಗಾಲಯದಿಂದ ಲಿಖಿತವಾಗಿ ಕೇಳಿ. ಡಿಂಪಲ್ ಚಿತ್ರ ಒರಟು ಪ್ರದೇಶದಿಂದ ಬಂದದ್ದೆಂದು ತಿಳಿದರೆ ಓವರ್‌ಲೋಡ್ ವಾದಕ್ಕೆ ಆಧಾರ ಉಳಿಯುವುದಿಲ್ಲ. ಆಗ ಚರ್ಚೆ ಡ್ರಾಯಿಂಗ್‌ನಲ್ಲಿ ಫಿಲೆಟ್ ತ್ರಿಜ್ಯ ಎಷ್ಟಿತ್ತು, ಶಾಫ್ಟ್‌ನಲ್ಲಿ ನಿಜಕ್ಕೂ ಎಷ್ಟಿದೆ ಎಂಬುದಕ್ಕೆ ತಿರುಗುತ್ತದೆ. ಜೊತೆಗೇ ನಿಮ್ಮ ಕಡೆಯ ಕಪ್ಲಿಂಗ್ ಅಲೈನ್‌ಮೆಂಟ್ (ಜೋಡಿಸಿದ ಎರಡು ಶಾಫ್ಟ್‌ಗಳು ಒಂದೇ ನೇರದಲ್ಲಿವೆಯೇ ಎಂಬುದರ) ದಾಖಲೆಗಳನ್ನೂ ಪೂರೈಕೆದಾರರು ಕೇಳುತ್ತಾರೆ. ಬಾಗುವ ಹೊರೆಯನ್ನು ತಂದದ್ದು ತಪ್ಪಿದ ಅಲೈನ್‌ಮೆಂಟ್ ಆಗಿರಬಹುದಾದ್ದರಿಂದ ಆ ದಾಖಲೆಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ.